ಟೈ ರಾಡ್ ಬದಲಿಸುವ ಮೊದಲು ಅಳತೆ: ಡಿಕ್ಕಿಯಾದ ಹಳೆಯ ಎಟಿವಿಯ ಮುಂಭಾಗವನ್ನು ಸರಿಪಡಿಸುವ ಕ್ರಮ

"ಟೈ ರಾಡ್ ಹೊಸದು ಹಾಕಿಸಿದೆವು, ಅಲೈನ್‌ಮೆಂಟ್ ಕೂಡ ಮಾಡಿಸಿದೆವು. ಆದರೂ ಗಾಡಿ ಎಡಕ್ಕೇ ಎಳೆಯುತ್ತದೆ." ಮರದ ಬುಡಕ್ಕೋ ಬಂಡೆಗೋ ಗುದ್ದಿದ ಹಳೆಯ ಎಟಿವಿಗಳ (ಕಚ್ಚಾ ದಾರಿಗೆಂದು ಮಾಡಿದ, ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿಗಳ) ಮಾಲೀಕರಿಂದ ನಾನು ಅತಿ ಹೆಚ್ಚು ಕೇಳಿರುವ ಮಾತು ಇದು. ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ನೋಡಿದ ಗಾಡಿಗೆ ಒಂದೇ ವರ್ಷದಲ್ಲಿ ಮೂರು ಟೈ ರಾಡ್ (ಹ್ಯಾಂಡಲಿನ ತಿರುವನ್ನು ಮುಂಚಕ್ರಕ್ಕೆ ಮುಟ್ಟಿಸುವ ಕಂಬಿ) ಹಾಕಲಾಗಿತ್ತು. ಹುಲ್ಲಿನಲ್ಲಿ ಮುಚ್ಚಿಹೋಗಿದ್ದ ಸಿಲ್ವರ್ ಓಕ್ ಬೊಡ್ಡೆಗೆ ಅದರ ಎಡ ಮುಂಚಕ್ರ ಬಡಿದಿತ್ತು. ಮೂರು ಸಲವೂ ಬಗ್ಗಿದ ಕಂಬಿಯನ್ನಷ್ಟೇ ಬದಲಿಸಿದ್ದರು. ಕೆಳಗಿನ ಎ-ಆರ್ಮ್ (ಚಕ್ರದ ಭಾಗವನ್ನು ಚಾಸಿಗೆ ಜೋಡಿಸುವ ಎ ಆಕಾರದ ತೋಳು) ಕೂರುವ ಚಾಸಿಯ ಕಿವಿ, ಅಂದರೆ ಬೋಲ್ಟ್ ತೂರಿಸುವ ಜೋಡಿ ಹಾಳೆ, 7 ಮಿ.ಮೀ. ಹಿಂದಕ್ಕೆ ಸರಿದಿರುವುದನ್ನು ಯಾರೂ ಅಳೆದಿರಲಿಲ್ಲ.

ಪೆಟ್ಟು ಟಯರಿನಿಂದ ರಿಮ್‌ಗೆ, ರಿಮ್‌ನಿಂದ ಹಬ್ಬಿಗೆ (ಚಕ್ರ ಕೂರುವ ನಡುಭಾಗ), ಅಲ್ಲಿಂದ ನಕ್ಕಲ್‌ಗೆ (ಹಬ್ಬನ್ನು ಹೊತ್ತು ಹ್ಯಾಂಡಲಿನೊಂದಿಗೆ ತಿರುಗುವ ತುಂಡು), ನಕ್ಕಲ್‌ನಿಂದ ಎ-ಆರ್ಮ್ ಮತ್ತು ಟೈ ರಾಡ್‌ಗೆ, ಕೊನೆಗೆ ಚಾಸಿಗೆ ಹೋಗುತ್ತದೆ. ಈ ಸಾಲಿನಲ್ಲಿ ಟೈ ರಾಡ್ ತೀರ ಸಣಕಲು ಕೊಂಡಿ. ಅದು ಮೊದಲು ಬಗ್ಗುತ್ತದೆ, ಕಣ್ಣಿಗೂ ಮೊದಲು ಬೀಳುತ್ತದೆ, ಹಾಗಾಗಿ ತಪ್ಪೆಲ್ಲ ಅದರ ತಲೆಗೇ ಬರುತ್ತದೆ. ರಿಪೇರಿಯ ದಿಕ್ಕು ಪೆಟ್ಟಿನ ದಿಕ್ಕಿಗೆ ವಿರುದ್ಧವಾಗಿರಬೇಕು. ಮೊದಲು ಚಾಸಿ, ಆಮೇಲೆ ಆರ್ಮ್, ನಕ್ಕಲ್, ಹಬ್, ಸ್ಟಿಯರಿಂಗ್. ಅಲೈನ್‌ಮೆಂಟ್, ಅಂದರೆ ಮುಂಚಕ್ರಗಳ ದಿಕ್ಕು ಹೊಂದಿಸುವುದು, ಎಲ್ಲಕ್ಕಿಂತ ಕೊನೆಗೆ.

ಇಲ್ಲಿ ಹೇಳುವುದು ಪ್ರತಿ ಬದಿಗೆ ಮೇಲೊಂದು, ಕೆಳಗೊಂದು ಎ-ಆರ್ಮ್ ಇರುವ ಗಾಡಿಗಳ ಬಗ್ಗೆ. ಪೊಲಾರಿಸ್ ಕಂಪನಿಯ ಹಳೆಯ ಸ್ಪೋರ್ಟ್ಸ್‌ಮನ್ ಗಾಡಿಗಳಲ್ಲಿ ಮೇಲಿನ ಆರ್ಮ್ ಇರುವುದಿಲ್ಲ, ಅದರ ಜಾಗದಲ್ಲಿ ಸ್ಟ್ರಟ್, ಅಂದರೆ ಶಾಕ್ ಅಬ್ಸಾರ್ಬರ್ ಸೇರಿದ ಕೊಳವೆ, ಇರುತ್ತದೆ. ಅಲ್ಲೂ ಕ್ರಮ ಇದೇ. ಮೇಲಿನ ಆರ್ಮ್ ನೋಡುವ ಜಾಗದಲ್ಲಿ ಸ್ಟ್ರಟ್ಟಿನ ಕೊಳವೆ ಬಗ್ಗಿದೆಯೇ ಎಂದು ನೋಡಿ.

ಬೇಕಾಗುವ ಸಲಕರಣೆ

ಅಳತೆಗೆ ಬೇಕಾದವು ಅಗ್ಗದವು: ಉಕ್ಕಿನ ಟೇಪು, ಗಾರೆಯವರ ತೂಗುಗುಂಡು, ರಸಮಟ್ಟ, ಗಟ್ಟಿ ದಾರ, ಸೀಮೆಸುಣ್ಣ, ಒಂದು ನೇರ ಪಟ್ಟಿ, ಬೋಲ್ಟ್ ಉರುಳಿಸಿ ನೋಡಲು ಒಂದು ತುಂಡು ಗಾಜು. ಬಿಚ್ಚುವುದಕ್ಕೆ 8ರಿಂದ 19 ಮಿ.ಮೀ.ವರೆಗಿನ ಸಾಕೆಟ್ ಮತ್ತು ಪಾನಾ, ಹಬ್ ನಟ್ಟಿಗೆ ಸರಿಹೊಂದುವ ದೊಡ್ಡ ಸಾಕೆಟ್, ಬಾಲ್ ಜಾಯಿಂಟ್ ಪುಲ್ಲರ್ (ಆರ್ಮ್ ಮತ್ತು ನಕ್ಕಲ್ ಸೇರುವ ಗುಂಡುಕೀಲನ್ನು ಬಿಡಿಸುವ ಸಲಕರಣೆ), ತುಕ್ಕು ಬಿಡಿಸುವ ಎಣ್ಣೆ, ಎರಡು ಗಟ್ಟಿಮುಟ್ಟಾದ ಜಾಕ್ ಸ್ಟ್ಯಾಂಡ್. ಜೋಡಿಸುವುದಕ್ಕೆ ಟಾರ್ಕ್ ವ್ರೆಂಚ್ ಮತ್ತು ಹೊಸ ಸ್ಪ್ಲಿಟ್ ಪಿನ್ನುಗಳು ಬೇಕು. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ತೂರಿಸಬೇಡಿ.

ಇನ್ನೊಂದು ವಸ್ತುವನ್ನು ಬಹಳಷ್ಟು ಜನ ಮರೆಯುತ್ತಾರೆ: ಕಡಿಮೆ ಒತ್ತಡ ತೋರಿಸುವ ಗಾಳಿಮಾಪಕ. ಎಟಿವಿಯ ಮುಂದಿನ ಟಯರುಗಳಿಗೆ ಸಾಮಾನ್ಯವಾಗಿ 3ರಿಂದ 7 ಪಿಎಸ್‌ಐ ಗಾಳಿ ಸಾಕು. ಕಾರಿನ ಮಾಪಕ ಈ ಮಟ್ಟದಲ್ಲಿ ನಂಬಿಕೆಗೆ ಯೋಗ್ಯವಲ್ಲ. ಒಂದು ಟಯರಿನಲ್ಲಿ 3, ಇನ್ನೊಂದರಲ್ಲಿ 6 ಇದ್ದರೆ ಯಾವ ಭಾಗವೂ ಬಗ್ಗದಿದ್ದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಹಂತ 1: ಏನನ್ನೂ ಬಿಚ್ಚದೆ ನೋಡಿ

ಗಾಡಿಯನ್ನು ಸಮತಟ್ಟಾದ ಜಾಗಕ್ಕೆ ತನ್ನಿ. ತೋಟದಲ್ಲಿ ಇದಕ್ಕೆ ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕಿಂತ ಒಳ್ಳೆಯ ಜಾಗವಿಲ್ಲ. ಮಳೆನೀರು ಹರಿಯಲೆಂದು ಕಣಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ರಸಮಟ್ಟ ಇಟ್ಟು ನೋಡಿ, ತಗ್ಗಿದ ಕಡೆಯ ಚಕ್ರಗಳ ಕೆಳಗೆ ಹಲಗೆ ಕೊಡಿ. ನಾಲ್ಕೂ ಟಯರುಗಳ ಗಾಳಿ ಸರಿಮಾಡಿ. ಪ್ಲಾಸ್ಟಿಕ್ ಮಡ್‌ಗಾರ್ಡುಗಳನ್ನು ಮತ್ತು ಮುಂದಿನ ಬಂಪರನ್ನು ತೆಗೆದುಬಿಡಿ. ಇವೆರಡನ್ನು ಬಿಟ್ಟು ಬೇರೆ ಯಾವುದನ್ನೂ ಈಗ ಬಿಚ್ಚಬೇಡಿ.

ಕೆಸರು ಒಣಗಿ ಅಂಟಿದ್ದರೆ ಒತ್ತಡದ ನೀರು ಹಾಯಿಸುವ ಮೊದಲು ಬ್ರಷ್ಷಿನಿಂದ ಮೆಲ್ಲಗೆ ಉದುರಿಸಿ. ಬಣ್ಣ ಎಲ್ಲಿ ಸಿಪ್ಪೆಯಂತೆ ಎದ್ದಿದೆ, ವೆಲ್ಡಿನ ಅಂಚಿನಲ್ಲಿ ಎಲ್ಲಿ ಕೂದಲೆಳೆಯಂಥ ತುಕ್ಕಿನ ಗೆರೆ ಕಾಣುತ್ತದೆ ಎಂಬುದನ್ನು ನೋಡಿ. ಉಕ್ಕು ಬಗ್ಗಿದ ಜಾಗದಲ್ಲಿ ಮೇಲಿನ ಬಣ್ಣ ಒಡೆಯುತ್ತದೆ, ಆ ಒಡಕಿನೊಳಗೆ ತೇವ ಸೇರಿ ತುಕ್ಕು ಹಿಡಿಯುತ್ತದೆ. ಅಂಥ ಪ್ರತಿಯೊಂದು ಜಾಗಕ್ಕೂ ಸೀಮೆಸುಣ್ಣದ ಗುರುತು ಹಾಕಿ.

ಅದೇ ಸಮಯದಲ್ಲಿ ಸೋರಿಕೆಗಳನ್ನೂ ನೋಡಿಕೊಳ್ಳಿ. ರೇಡಿಯೇಟರ್ ಅಥವಾ ಆಯಿಲ್ ಕೂಲರ್, ಮುಂದಿನ ಡಿಫರೆನ್ಷಿಯಲ್, ಬ್ರೇಕ್ ಹೋಸ್, ಶಾಕ್ ಅಬ್ಸಾರ್ಬರಿನ ಸೀಲು, ಆಕ್ಸಲ್ಲಿನ ರಬ್ಬರ್ ಬೂಟು, ಒಂದನ್ನೂ ಬಿಡಬೇಡಿ. ರೇಡಿಯೇಟರ್ ಫ್ಯಾನಿನ ಎಲೆಗಳನ್ನು ಕೈಯಿಂದ ತಿರುಗಿಸಿ. ಮುಂದಿನ ಬಂಪರ್ ಒಳಕ್ಕೆ ತಳ್ಳಿದಾಗ ಫ್ಯಾನು ಸಿಕ್ಕಿಕೊಂಡು, ಒಂದು ವಾರದ ನಂತರ ಎಂಜಿನ್ ಕಾದು ಕೆಟ್ಟ ಗಾಡಿಗಳನ್ನು ನೋಡಿದ್ದೇನೆ.

ಹಂತ 2: ನಾಲ್ಕು ಅಳತೆಗಳು

ಮೊದಲು ಗಾಲಿ ಅಂತರ. ಹ್ಯಾಂಡಲ್ ನೇರವಾಗಿಟ್ಟು ಹಿಂದಿನ ಆಕ್ಸಲ್ಲಿನ ನಡುವಿನಿಂದ ಮುಂದಿನ ಹಬ್ಬಿನ ನಡುವಿಗೆ ಎರಡೂ ಬದಿ ಅಳೆಯಿರಿ. ಬಹಳಷ್ಟು ದೊಡ್ಡ ಎಟಿವಿಗಳಲ್ಲಿ ಇದು 1.2ರಿಂದ 1.3 ಮೀಟರ್ ಇರುತ್ತದೆ. ಸಂಖ್ಯೆ ಎಷ್ಟೆಂಬುದು ಮುಖ್ಯವಲ್ಲ, ಎಡ ಬಲ ಒಂದೇ ಇರಬೇಕು. ಪೆಟ್ಟು ಬಿದ್ದ ಬದಿಯಲ್ಲಿ ಅಂತರ ಕಡಿಮೆಯಾಗಿದ್ದರೆ ಚಕ್ರ ಹಿಂದಕ್ಕೆ ಸರಿದಿದೆ. ಆ ಸರಿತ ಆರ್ಮಿನಲ್ಲಿದೆಯೋ ಚಾಸಿಯಲ್ಲಿದೆಯೋ ಎಂಬುದನ್ನು ಮುಂದಿನ ಅಳತೆಗಳು ಹೇಳುತ್ತವೆ.

ಗಾಡಿಯ ಮುಂಭಾಗವನ್ನು ಎತ್ತಿ, ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕಿನ ಮೇಲೆ ನಿಲ್ಲಿಸಿ ಕೆಳಗೆ ಕೈ ಹಾಕಬೇಡಿ. ಚಾಸಿ ಅಡ್ಡಡ್ಡ ಮಟ್ಟವಾಗಿದೆಯೇ ಎಂದು ರಸಮಟ್ಟ ಇಟ್ಟು ಮತ್ತೊಮ್ಮೆ ನೋಡಿ. ಈಗ ಕೆಳಗಿನ ಎ-ಆರ್ಮ್ ಚಾಸಿಗೆ ಕೂರುವ ಪ್ರತಿ ಬೋಲ್ಟಿನ ಮಧ್ಯಬಿಂದುವಿನಿಂದ ತೂಗುಗುಂಡು ಇಳಿಬಿಟ್ಟು, ಗುಂಡು ಅಲುಗಾಡುವುದು ನಿಂತ ಮೇಲೆ ನೆಲದಲ್ಲಿ ಸೀಮೆಸುಣ್ಣದಿಂದ ಚುಕ್ಕಿ ಇಡಿ. ಪ್ರತಿ ಬದಿಗೆ ಎರಡರಂತೆ ನಾಲ್ಕು ಚುಕ್ಕಿ. ಹಿಂದೆ, ಪೆಟ್ಟು ತಲುಪದ ಜಾಗದಲ್ಲಿ, ಎರಡೂ ಬದಿಗೆ ಒಂದೇ ರೀತಿ ಇರುವ ಒಂದು ಜೊತೆ ಬಿಂದುಗಳನ್ನು ಆರಿಸಿ ಅಲ್ಲಿಂದಲೂ ಚುಕ್ಕಿ ಇಡಿ. ಹಿಂದಿನ ಸಸ್ಪೆನ್ಷನ್ ಚಾಸಿಗೆ ಕೂರುವ ಜಾಗ ಸೂಕ್ತ. ಕಾಲಿಡುವ ಪಟ್ಟಿ ಬೇಡ, ಅದು ಎಂದೋ ಬಗ್ಗಿರುತ್ತದೆ.

ಹಿಂದಿನ ಎಡ ಚುಕ್ಕಿಯಿಂದ ಮುಂದಿನ ಬಲ ಚುಕ್ಕಿಗೆ, ಹಿಂದಿನ ಬಲದಿಂದ ಮುಂದಿನ ಎಡಕ್ಕೆ ದಾರ ಎಳೆದು ಕರ್ಣಗಳನ್ನು ಅಳೆಯಿರಿ. ಆಮೇಲೆ ಅದೇ ಬದಿಯ ನೇರ ಉದ್ದಗಳನ್ನು ಅಳೆಯಿರಿ. ಕೊನೆಗೆ ಪ್ರತಿ ಬೋಲ್ಟ್ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಬರೆದಿಡಿ. ಎಲ್ಲವನ್ನೂ ಕಾಗದದ ಮೇಲೆ ಬರೆಯಿರಿ. ನೆನಪಿನಲ್ಲಿಟ್ಟುಕೊಂಡ ಸಂಖ್ಯೆಗಳು ಸಂಜೆಯೊಳಗೆ ಅದಲುಬದಲಾಗುತ್ತವೆ.

ಹಂತ 3: ಅಳತೆ ಏನು ಹೇಳುತ್ತಿದೆ?

ಟೇಪು ಮತ್ತು ದಾರದ ಕೆಲಸದಲ್ಲಿ 2–3 ಮಿ.ಮೀ. ವ್ಯತ್ಯಾಸ ಸಹಜ, ಹಳೆಯ ಗಾಡಿಗಳ ಕಾರ್ಖಾನೆ ವೆಲ್ಡಿಂಗಿನಲ್ಲೇ ಅಷ್ಟು ಇರಬಹುದು. 5 ಮಿ.ಮೀ. ದಾಟಿದರೆ ನಾನು ಚಾಸಿಯನ್ನು ಅನುಮಾನಿಸುತ್ತೇನೆ, ಅಳತೆಯನ್ನು ಇನ್ನೊಬ್ಬರ ಕೈಯಿಂದ ಮತ್ತೊಮ್ಮೆ ಮಾಡಿಸುತ್ತೇನೆ.

ಗಾಲಿ ಅಂತರ ಕಡಿಮೆ, ಆದರೆ ಚಾಸಿಯ ಅಳತೆಗಳೆಲ್ಲ ಸರಿ ಎಂದಾದರೆ ನೆಮ್ಮದಿ. ಬಗ್ಗಿರುವುದು ಆರ್ಮ್ ಅಥವಾ ನಕ್ಕಲ್, ಅವು ಬೋಲ್ಟ್ ಬಿಚ್ಚಿ ಬದಲಿಸುವಂಥವು. ನಾಲ್ಕು ಚುಕ್ಕಿಗಳಲ್ಲಿ ಒಂದೇ ಒಂದು ಸ್ಥಾನ ತಪ್ಪಿದ್ದರೆ ಆ ಒಂದು ಕಿವಿ ಮಾತ್ರ ಸರಿದಿದೆ. ಒಳ್ಳೆಯ ವೆಲ್ಡರ್ ಸರಿಮಾಡಬಲ್ಲ. ಒಂದೇ ಬದಿಯ ಎರಡೂ ಚುಕ್ಕಿಗಳು ಹಿಂದೆ ಹೋಗಿದ್ದರೆ ಅವುಗಳನ್ನು ಹೊತ್ತ ಚಾಸಿ ಕೊಳವೆಯೇ ಬಗ್ಗಿದೆ. ಎಡ ಬಲದ ಉದ್ದ ಸಮ ಇದ್ದು ಕರ್ಣಗಳಲ್ಲಿ ಮಾತ್ರ ವ್ಯತ್ಯಾಸ ಇದ್ದರೆ ಗಾಡಿಯ ಮೂತಿ ಇಡಿಯಾಗಿ ಪಕ್ಕಕ್ಕೆ ವಾಲಿದೆ. ಎತ್ತರಗಳು ತಪ್ಪಿದ್ದರೆ ಚಾಸಿ ತಿರುಚಿಕೊಂಡಿದೆ.

ಕೊನೆಯ ಮೂರು ಮನೆಯಂಗಳದ ಕೆಲಸಗಳಲ್ಲ. ಚಾಸಿಯನ್ನು ಜಿಗ್‌ನಲ್ಲಿ (ಅಲುಗದಂತೆ ಹಿಡಿಯುವ ಚೌಕಟ್ಟಿನಲ್ಲಿ) ಬಿಗಿದು ಎಳೆಯುವ ಕಾರ್ಯಾಗಾರಕ್ಕೆ ಒಯ್ಯಿರಿ, ಅಥವಾ ಬೇರೆ ಚಾಸಿಯ ಖರ್ಚಿನೊಂದಿಗೆ ಹೋಲಿಸಿ ನೋಡಿ. ಕೊಳವೆಯಲ್ಲಿ ಮಡಿಕೆ ಬಿದ್ದಿದ್ದರೆ, ಅಂದರೆ ಕಾಗದ ಮಡಚಿದಂಥ ಚೂಪು ಗೆರೆ ಕಂಡರೆ, ಅದನ್ನು ಕಾಯಿಸಿ ನೇರ ಮಾಡಿಸಬೇಡಿ. ಆ ಜಾಗದ ಉಕ್ಕು ದಣಿದಿದೆ, ನೇರವಾಗಿ ಕಂಡರೂ ಮುಂದಿನ ಹಳ್ಳದಲ್ಲಿ ಅಲ್ಲೇ ಮುರಿಯುತ್ತದೆ. ಅದನ್ನು ಕತ್ತರಿಸಿ, ಒಳಗೆ ಇನ್ನೊಂದು ಕೊಳವೆ ತುಂಡು ಕೊಟ್ಟು ಬೆಸೆಯಬೇಕು.

ಬಿಡಿಭಾಗಗಳ ಪಟ್ಟಿ ಬರೆಯುವುದು ಈ ಹಂತ ಮುಗಿದ ಮೇಲೆ. ಮೊದಲೇ ತರಿಸಿದವರು ಅರ್ಧ ಬೇಡದ್ದನ್ನು ತರಿಸಿರುತ್ತಾರೆ, ಬೇಕಾದ ಬುಷ್ಷನ್ನು (ಆರ್ಮ್ ತಿರುಗುವ ಬೋಲ್ಟಿನ ಸುತ್ತ ಕೂರುವ ಕೊಳವೆ) ಬಿಟ್ಟಿರುತ್ತಾರೆ.

ಹಂತ 4: ಬಿಚ್ಚುವುದು ಮತ್ತು ಬಿರುಕು ಹುಡುಕುವುದು

ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಹಾಕಿಡಿ. ಚಕ್ರ, ಬ್ರೇಕ್ ಕ್ಯಾಲಿಪರ್ ಅಥವಾ ಡ್ರಮ್, ಹಬ್, ಟೈ ರಾಡ್‌ನ ಹೊರತುದಿ, ಬಾಲ್ ಜಾಯಿಂಟುಗಳು, ನಕ್ಕಲ್, ಶಾಕ್, ಆಮೇಲೆ ಆರ್ಮುಗಳು: ಈ ಕ್ರಮದಲ್ಲಿ ಬಿಚ್ಚಿ. ಕ್ಯಾಲಿಪರನ್ನು ಅದರ ಹೋಸಿಗೆ ಜೋತುಬಿಡಬೇಡಿ, ತಂತಿಯಿಂದ ಚಾಸಿಗೆ ಕಟ್ಟಿ. ಬಾಲ್ ಜಾಯಿಂಟಿನ ತುದಿಗೆ ಸುತ್ತಿಗೆಯಿಂದ ನೇರವಾಗಿ ಹೊಡೆದರೆ ಥ್ರೆಡ್ ಅಣಬೆಯಂತೆ ಅರಳಿಬಿಡುತ್ತದೆ, ಪುಲ್ಲರ್ ಬಳಸಿ.

ಆರ್ಮಿನ ಪಿವಟ್ ಬೋಲ್ಟುಗಳನ್ನು (ಆರ್ಮ್ ಚಾಸಿಗೆ ಕೂರುವ ಬೋಲ್ಟುಗಳು) ಒರೆಸಿ ಗಾಜಿನ ಮೇಲೆ ಉರುಳಿಸಿ. ನೇರ ಬೋಲ್ಟ್ ಸದ್ದಿಲ್ಲದೆ ಹೋಗುತ್ತದೆ. ಬಗ್ಗಿದ್ದು ಪ್ರತಿ ಸುತ್ತಿಗೂ ಒಮ್ಮೆ ಟಕ್ ಎನ್ನುತ್ತದೆ, ಅದರ ಮತ್ತು ಗಾಜಿನ ನಡುವೆ ಬೆಳಕಿನ ಗೆರೆ ಮೂಡಿ ಮಾಯವಾಗುತ್ತದೆ. ಬಗ್ಗಿದ ಬೋಲ್ಟ್ ಸಿಕ್ಕರೆ ಅದು ಕೂತಿದ್ದ ತೂತನ್ನು ಖಂಡಿತ ನೋಡಿ, ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ.

ಬಿರುಕು ಹುಡುಕುವುದಕ್ಕೆ ಹಳೆಯ ಕಮ್ಮಾರಸಾಲೆಯ ಉಪಾಯವೇ ಸಾಕು. ಅನುಮಾನದ ಜಾಗದ ಬಣ್ಣ ಉಜ್ಜಿ ತೆಗೆದು ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಹದಿನೈದು ನಿಮಿಷ ಬಿಡಿ. ಒಣ ಬಟ್ಟೆಯಿಂದ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಸವರಿ. ಬಿರುಕಿನೊಳಗೆ ಉಳಿದ ಎಣ್ಣೆ ಮೆಲ್ಲಗೆ ಮೇಲೆ ಬಂದು ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಸಕಲೇಶಪುರದ ಆ ಗಾಡಿಯಲ್ಲಿ ಎಡ ಕೆಳಗಿನ ಹಿಂಬದಿಯ ಕಿವಿಯ ಬುಡದಲ್ಲಿ ಉಗುರಿನಷ್ಟು ಉದ್ದದ ಗೆರೆ ಮೂಡಿತು. ಬರಿಗಣ್ಣಿಗೆ ಅಲ್ಲಿ ಏನೂ ಕಂಡಿರಲಿಲ್ಲ.

ನಕ್ಕಲ್‌ಗಳನ್ನೂ ಹೀಗೆಯೇ ಪರೀಕ್ಷಿಸಿ. ಅವು ಎರಕದ ಲೋಹದವು, ಅಲ್ಯೂಮಿನಿಯಂ ಕೂಡ ಆಗಿರಬಹುದು. ಬಿರುಕು ಬಿಟ್ಟ ನಕ್ಕಲ್‌ಗೆ ವೆಲ್ಡಿಂಗ್ ಇಲ್ಲ, ಬಗ್ಗಿದ ನಕ್ಕಲ್‌ಗೆ ಸುತ್ತಿಗೆಯೂ ಇಲ್ಲ. ಬದಲಿಸಬೇಕು. ಟೈ ರಾಡ್‌ಗೂ ಸ್ಟಿಯರಿಂಗ್ ಸ್ಟೆಮ್‌ಗೂ (ಹ್ಯಾಂಡಲಿನಿಂದ ಕೆಳಗಿಳಿಯುವ ಕಂಬ) ಇದೇ ಮಾತು. ಚಲಿಸುವಾಗ ಇವುಗಳಲ್ಲಿ ಒಂದು ಮುರಿದರೆ ಹ್ಯಾಂಡಲ್ ಕೈಯಲ್ಲಿದ್ದರೂ ಗಾಡಿ ನಿಮ್ಮ ಮಾತು ಕೇಳುವುದಿಲ್ಲ.

ಹಂತ 5: ಚಾಸಿಯ ಕಿವಿಯನ್ನು ಸ್ವಸ್ಥಾನಕ್ಕೆ ತರುವುದು

ಒಂದೇ ಕಿವಿ ಸರಿದಿದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ. ಕಿವಿಯ ಎರಡು ಹಾಳೆಗಳ ನಡುವೆ ಬುಷ್ಷಿನಷ್ಟೇ ಉದ್ದದ ಕೊಳವೆ ತುಂಡಿಟ್ಟು, ಸರಿಯಾದ ಗಾತ್ರದ ಬೋಲ್ಟ್ ಹಾಕಿ ಬಿಗಿಯಿರಿ. ಇದನ್ನು ಬಿಟ್ಟರೆ ಎಳೆಯುವಾಗ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಕಾಯಿಸದೆ, ಉದ್ದನೆಯ ಪೈಪಿನ ಸನ್ನೆಯಿಂದಲೋ ಚೈನ್ ಪುಲ್ಲಿಯಿಂದಲೋ ಸ್ವಲ್ಪ ಸ್ವಲ್ಪವೇ ಎಳೆಯಿರಿ. ಉಕ್ಕು ಬಿಟ್ಟ ಕೂಡಲೇ ತುಸು ಹಿಂದಕ್ಕೆ ಬರುತ್ತದೆ, ಅದಕ್ಕೆ ಒಂದೆರಡು ಮಿ.ಮೀ. ಹೆಚ್ಚೇ ಎಳೆಯಬೇಕು. ಪ್ರತಿ ಎಳೆತದ ನಂತರ ತೂಗುಗುಂಡು ಇಳಿಬಿಟ್ಟು ಅಳೆಯಿರಿ. ನಮಗೆ ಆ 7 ಮಿ.ಮೀ. ವಾಪಸು ತರಲು ಇಡೀ ಮಧ್ಯಾಹ್ನ ಹಿಡಿಯಿತು, ಹನ್ನೊಂದು ಸಲ ಅಳೆದೆವು.

ವೆಲ್ಡಿಂಗಿಗೆ ಮುಂಚೆ ಪೆಟ್ರೋಲ್ ಟ್ಯಾಂಕ್ ತೆಗೆದು ದೂರ ಇಡಿ, ಬ್ಯಾಟರಿ ಬಿಚ್ಚಿ, ಇಗ್ನಿಷನ್ ಯೂನಿಟ್ಟಿನ ಕನೆಕ್ಟರ್ ಕಳಚಿ. ಅರ್ತ್ ಕ್ಲ್ಯಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿಸಿ. ದೂರದಲ್ಲಿ ಹಾಕಿದರೆ ವಿದ್ಯುತ್ತು ಬೇರಿಂಗುಗಳ ಮೂಲಕ ಹರಿದು ಅವುಗಳನ್ನು ಸುಡುತ್ತದೆ. ಬ್ರೇಕ್ ಕ್ಲೀನರ್ ಸ್ಪ್ರೇ ಬಳಸಿದ್ದರೆ ಆ ಜಾಗ ಪೂರ್ತಿ ಒಣಗುವವರೆಗೆ ಕಿಡಿ ಹತ್ತಿಸಬೇಡಿ. ಕ್ಲೋರಿನ್ ಇರುವ ಕ್ಲೀನರ್ ವೆಲ್ಡಿಂಗಿನ ಶಾಖಕ್ಕೆ ವಿಷಾನಿಲವಾಗುತ್ತದೆ. ಬಿರುಕನ್ನು ಮೇಲಿಂದ ಮುಚ್ಚಿಸುವುದು ರಿಪೇರಿಯಲ್ಲ. ಗ್ರೈಂಡರಿನಿಂದ ವಿ ಆಕಾರಕ್ಕೆ ತೋಡಿ, ಬುಡದಿಂದ ತುಂಬಿಸಬೇಕು. ಮೊಟ್ಟೆಯಾಕಾರದ ತೂತಿಗೆ ದಪ್ಪ ವಾಷರನ್ನು ಸರಿಯಾದ ಕೇಂದ್ರದಲ್ಲಿಟ್ಟು ಬೆಸೆಸಿ.

ಹಂತ 6: ಆರ್ಮ್, ಬುಷ್, ಬಾಲ್ ಜಾಯಿಂಟ್

ಎಡ ಬಲದ ಎ-ಆರ್ಮುಗಳು ಬಹುತೇಕ ಗಾಡಿಗಳಲ್ಲಿ ಒಂದಕ್ಕೊಂದು ಕನ್ನಡಿಯ ಬಿಂಬ. ಪೆಟ್ಟಾದ ಆರ್ಮನ್ನು ಇನ್ನೊಂದು ಬದಿಯದರ ಮೇಲೆ ಮಗುಚಿ ಇಟ್ಟರೆ ಬಗ್ಗಿದ್ದು ತಕ್ಷಣ ಕಾಣುತ್ತದೆ. ಬಗ್ಗಿದ ಆರ್ಮನ್ನು ನೇರ ಮಾಡಿಸುವ ಅಭ್ಯಾಸ ಎಲ್ಲ ಕಡೆ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಗುಜರಿಯಿಂದ ತಂದ ಹಳೆಯ ಆರ್ಮ್ ಕೂಡ ನೇರ ಮಾಡಿಸಿದ್ದಕ್ಕಿಂತ ವಾಸಿ, ಬಾಲ್ ಜಾಯಿಂಟ್ ಕೂರುವ ಬಟ್ಟಲು ಸವೆದಿಲ್ಲ ಎಂದು ಖಚಿತಪಡಿಸಿಕೊಂಡಿದ್ದರೆ.

ಬುಷ್ಷುಗಳನ್ನು ಹೊಸದಾಗಿಯೇ ಹಾಕಿ. ಜೋಡಿಸುವಾಗ ಪಿವಟ್ ಬೋಲ್ಟ್ ಬೆರಳಿನ ಒತ್ತಡಕ್ಕೆ ಒಳಗೆ ಹೋಗಬೇಕು. ಹಾರೆಯಿಂದ ಮೀಟಿ, ಸುತ್ತಿಗೆಯಿಂದ ಬಡಿದು ತೂರಿಸಬೇಕಾಯಿತು ಎಂದರೆ ಎಲ್ಲೋ ಒಂದು ಭಾಗ ಇನ್ನೂ ಸರಿಯಾಗಿಲ್ಲ. ಹಂತ 2ಕ್ಕೆ ಮರಳಿ. ಒಳಗೆ ಹೊರಗೆ ಲೋಹಕ್ಕೆ ಅಂಟಿಸಿದ ರಬ್ಬರ್ ಬುಷ್ ಆಗಿದ್ದರೆ ಬೋಲ್ಟನ್ನು ಕೊನೆಯ ಬಿಗಿತಕ್ಕೆ ತರುವುದು ಚಕ್ರಗಳು ನೆಲಕ್ಕೆ ಮುಟ್ಟಿ ಗಾಡಿಯ ಭಾರ ಬಿದ್ದ ಮೇಲೆ. ಗಾಳಿಯಲ್ಲಿ ತೂಗುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ.

ಬಾಲ್ ಜಾಯಿಂಟಿನ ನಟ್ಟನ್ನು ಹೇಳಿದ ಟಾರ್ಕಿಗೆ ಬಿಗಿದಾಗ ಪಿನ್ನಿನ ತೂತು ನೇರವಾಗದಿದ್ದರೆ ಇನ್ನಷ್ಟು ಬಿಗಿದು ಹೊಂದಿಸಿ. ಸಡಿಲಿಸಿ ಹೊಂದಿಸಬಾರದು.

ಹಂತ 7: ಹಬ್ ಮತ್ತು ರಿಮ್

ಚಕ್ರ ಹಾಕಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಸಡಿಲ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಇನ್ನೊಬ್ಬರನ್ನು ಒಳಗಿನಿಂದ ನೋಡಲು ಹೇಳಿದರೆ ಯಾವುದೆಂದು ತಿಳಿಯುತ್ತದೆ. ಎಡಕ್ಕೆ ಬಲಕ್ಕೆ ಹಿಡಿದು ಅಲುಗಾಡಿಸಿದಾಗ ಮಾತ್ರ ಸಡಿಲ ಕಂಡರೆ ಟೈ ರಾಡ್‌ನ ತುದಿಗಳು. ಚಕ್ರ ತಿರುಗಿಸಿ ರಿಮ್ಮಿನ ಅಂಚಿನ ಪಕ್ಕ ಒಂದು ಕಡ್ಡಿ ಸ್ಥಿರವಾಗಿ ಹಿಡಿಯಿರಿ. ಅಂಚು ಓಲಾಡುವುದು 2 ಮಿ.ಮೀ. ದಾಟಿದರೆ ಕೈಪಿಡಿಯ ಮಿತಿಯನ್ನು ನೋಡಿ.

ಹಂತ 8: ಸ್ಟಿಯರಿಂಗ್ ಸ್ಟೆಮ್

ಮೂರು ಟೈ ರಾಡ್ ಬದಲಿಸಿದವರೂ ಮುಟ್ಟದೆ ಬಿಡುವ ಭಾಗ ಇದು. ಟೈ ರಾಡುಗಳನ್ನು ಕಳಚಿ, ಹ್ಯಾಂಡಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ. ನೇರ ಸ್ಟೆಮ್ ಎಲ್ಲ ಕಡೆ ಒಂದೇ ಹಗುರದಲ್ಲಿ ತಿರುಗುತ್ತದೆ. ಒಂದು ಜಾಗದಲ್ಲಿ ಗಡಸಾಗಿ ಮುಂದೆ ಹಗುರಾದರೆ ಅಥವಾ ಹ್ಯಾಂಡಲಿನ ನಡುಭಾಗ ತಿರುಗುವಾಗ ಅತ್ತಿತ್ತ ಹೊರಳಿದರೆ ಸ್ಟೆಮ್ ಬಗ್ಗಿದೆ. ಬಗ್ಗದೆ ತಿರುಚಿಕೊಂಡಿರುವುದೂ ಉಂಟು. ಆಗ ಎಲ್ಲವೂ ಹಗುರವಾಗಿ ತಿರುಗುತ್ತದೆ, ಆದರೆ ಕೆಳಗೆ ಟೈ ರಾಡ್ ಕೂರುವ ಪಟ್ಟಿ ನೇರ ಇರುವಾಗ ಹ್ಯಾಂಡಲ್ ಓರೆಯಾಗಿರುತ್ತದೆ. ಆ ತೀರ್ಮಾನಕ್ಕೆ ಬರುವ ಮುಂಚೆ ಹ್ಯಾಂಡಲ್ ತನ್ನ ಕ್ಲ್ಯಾಂಪಿನಲ್ಲೇ ಜಾರಿದೆಯೇ, ಅದೇ ಬಗ್ಗಿದೆಯೇ ಎಂದು ನೋಡಿ.

ಹೆಬ್ಬೆರಳಿನ ಥ್ರಾಟಲ್ ಇಲ್ಲೇ ಪರೀಕ್ಷಿಸಿಬಿಡಿ. ಒತ್ತಿ ಬಿಟ್ಟರೆ ಹ್ಯಾಂಡಲ್ ಯಾವ ಸ್ಥಿತಿಯಲ್ಲಿದ್ದರೂ ಟಪ್ಪನೆ ಹಿಂದಕ್ಕೆ ಬರಬೇಕು.

ಹಂತ 9: ಟೈ ರಾಡ್ ಮತ್ತು ಅಲೈನ್‌ಮೆಂಟ್

ಟೈ ರಾಡ್‌ನ ಒಂದು ತುದಿಗೆ ಸಾಮಾನ್ಯವಾಗಿ ಎಡ ಥ್ರೆಡ್, ಇನ್ನೊಂದಕ್ಕೆ ಬಲ ಥ್ರೆಡ್ ಇರುತ್ತದೆ. ಕಂಬಿಯನ್ನು ತಿರುಗಿಸಿದರೆ ಉದ್ದ ಹೆಚ್ಚುವುದೋ ಕಡಿಮೆಯಾಗುವುದೋ ಆಗುವುದು ಇದರಿಂದಲೇ. ಎರಡೂ ತುದಿಗಳಲ್ಲಿ ಥ್ರೆಡ್ ಸಮನಾಗಿ ಒಳಗಿರಲಿ, ಎಡ ಬಲದ ಕಂಬಿಗಳ ಉದ್ದ ಒಂದೇ ಇರಲಿ. ಈ ಹಂತದಲ್ಲಿ ಒಂದನ್ನು ಉದ್ದ, ಇನ್ನೊಂದನ್ನು ಗಿಡ್ಡ ಮಾಡಿದರಷ್ಟೇ ಹ್ಯಾಂಡಲ್ ನೇರವಾಗುತ್ತದೆ ಎಂದಾದರೆ ಹಿಂದೆ ಏನೋ ಉಳಿದಿದೆ.

ಗಾಡಿಯನ್ನು ನೆಲಕ್ಕಿಳಿಸಿ, ಒಂದೆರಡು ಸಲ ಒತ್ತಿ ಬಿಟ್ಟು ಸಸ್ಪೆನ್ಷನ್ ಕೂರಲು ಬಿಡಿ, ಹ್ಯಾಂಡಲನ್ನು ನೇರಕ್ಕೆ ಕಟ್ಟಿ. ಎರಡೂ ಮುಂದಿನ ಟಯರುಗಳ ನಡುಗೆರೆಯಲ್ಲಿ, ಹಬ್ಬಿನ ಎತ್ತರಕ್ಕೆ, ಮುಂಬದಿಯಲ್ಲಿ ಗುರುತು ಹಾಕಿ ಅವುಗಳ ನಡುವಿನ ಅಂತರ ಅಳೆಯಿರಿ. ಅದೇ ಗುರುತುಗಳು ಹಿಂಬದಿಗೆ, ಅದೇ ಎತ್ತರಕ್ಕೆ ಬರುವಂತೆ ಗಾಡಿಯನ್ನು ಉರುಳಿಸಿ ಮತ್ತೆ ಅಳೆಯಿರಿ. ಮುಂದಿನ ಅಳತೆ ಕಡಿಮೆ ಇದ್ದರೆ ಟೋ-ಇನ್, ಹೆಚ್ಚಿದ್ದರೆ ಟೋ-ಔಟ್. ಎಷ್ಟಿರಬೇಕು ಎಂಬುದು ತಯಾರಕರ ಕೈಪಿಡಿಯ ಮಾತು. ಪೊಲಾರಿಸ್ ಸ್ಪೋರ್ಟ್ಸ್‌ಮನ್‌ನ ಹಲವು ಮಾದರಿಗಳಿಗೆ 3ರಿಂದ 6 ಮಿ.ಮೀ. ಟೋ-ಔಟ್ ಬೇಕು, ಯಮಹಾದ ಹಲವು ಮಾದರಿಗಳು ಟೋ-ಇನ್ ಕೇಳುತ್ತವೆ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಬೇಡಿ. ಹೊಂದಿಸುವಾಗ ಎರಡೂ ಕಂಬಿಗಳನ್ನು ಸಮನಾಗಿ ತಿರುಗಿಸಿ, ತುದಿಗಳು ಓರೆಯಾಗದಂತೆ ಹಿಡಿದು ಲಾಕ್‌ನಟ್ ಬಿಗಿಯಿರಿ.

ಹಂತ 10: ಪರೀಕ್ಷೆಯ ಓಟ

ಬ್ರೇಕ್ ಲೈನ್ ಬಿಚ್ಚಿದ್ದರೆ ಮುಚ್ಚಳದ ಮೇಲೆ ಬರೆದ ದರ್ಜೆಯ ದ್ರವವನ್ನೇ ಹಾಕಿ ಗಾಳಿ ತೆಗೆಯಿರಿ, ಹಿಡಿ ಮೆತ್ತಗಿದ್ದರೆ ಹೊರಡಬೇಡಿ. ಗಾಡಿ ನಿಂತಲ್ಲೇ ಎಂಜಿನ್ ಚಾಲೂ ಮಾಡಿ ಹ್ಯಾಂಡಲನ್ನು ಎರಡೂ ಕೊನೆಗಳಿಗೆ ತಿರುಗಿಸಿ. ಎಂಜಿನ್ನಿನ ಸದ್ದು ಏರಿದರೆ ಥ್ರಾಟಲ್ ಕೇಬಲ್ ಎಳೆದುಕೊಳ್ಳುತ್ತಿದೆ, ಅದರ ದಾರಿ ಬದಲಿಸಿ. ಬ್ರೇಕ್ ಹೋಸ್ ಟಯರಿಗೆ ತಾಗುತ್ತದೆಯೇ ಎಂದೂ ಆಗಲೇ ನೋಡಿ.

ಹೆಲ್ಮೆಟ್ ಹಾಕಿಕೊಂಡು ಸಮತಟ್ಟು ಜಾಗದಲ್ಲಿ ನಿಧಾನವಾಗಿ ಓಡಿಸಿ. ಒಂದೇ ಬದಿಗೆ ಸತತವಾಗಿ ಎಳೆದರೆ ಗಾಳಿ, ಹಿಡಿದುಕೊಂಡಿರುವ ಬ್ರೇಕು, ಗಾಲಿ ಅಂತರ, ಈ ಅನುಕ್ರಮದಲ್ಲಿ ಹುಡುಕಿ. ನೇರವಾಗಿ ಹೋಗುತ್ತಿದ್ದು ಹ್ಯಾಂಡಲ್ ಮಾತ್ರ ಓರೆಯಾಗಿದ್ದರೆ ಸ್ಟೆಮ್ ಅಥವಾ ಕಂಬಿಗಳ ಉದ್ದ. ವೇಗದಲ್ಲಿ ಹ್ಯಾಂಡಲ್ ನಡುಗಿದರೆ ರಿಮ್, ಬೇರಿಂಗ್. ತಿರುವಿನಲ್ಲಿ ಕಟಕಟ ಸದ್ದು ಬಂದರೆ ಮುಂದಿನ ಆಕ್ಸಲ್ಲಿನ ಜಾಯಿಂಟ್.

ಬಿಗಿದ ಪ್ರತಿ ನಟ್ಟಿನಿಂದ ಪಕ್ಕದ ಲೋಹದವರೆಗೆ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಮೊದಲ ಒಂದು ಗಂಟೆಯ ಓಟದ ನಂತರ, ಆಮೇಲೆ ವಾರದ ನಂತರ ಆ ಗೆರೆಗಳನ್ನು ನೋಡಿ. ಗೆರೆ ತುಂಡಾಗಿದ್ದರೆ ನಟ್ಟು ತಿರುಗಿದೆ. ವೆಲ್ಡ್ ಮಾಡಿದ ಕಿವಿಗೆ ಅದೇ ದಿನ ಮತ್ತೊಮ್ಮೆ ಎಣ್ಣೆ ಹಚ್ಚಿ, ಒರೆಸಿ, ಸೀಮೆಸುಣ್ಣದ ಪುಡಿ ಸವರಿ. ಪುಡಿ ಬಿಳಿಯಾಗಿಯೇ ಉಳಿದರೆ ಆ ಜಾಗಕ್ಕೆ ಬಣ್ಣ ಬಳಿಯಬಹುದು.